ಪ್ರೇರಿಯ ಪುಟ್ಟ ಊರುಗಳು ಕಟ್ಟಿದ ಹಾಕಿ ಲೀಗ್

ಪ್ರಶ್ನೆ: ನಾವು ಹುಬ್ಬಳ್ಳಿಯಿಂದ ಕೆನಡಾದ ರೆಜೈನಾಗೆ ಬಂದು ನೆಲೆಸಿದ್ದೇವೆ. ಚಳಿಗಾಲ ಬಂತೆಂದರೆ ಆಫೀಸಿನಲ್ಲಿ, ಮಗನ ಶಾಲೆಯಲ್ಲಿ ಎಲ್ಲೆಲ್ಲೂ ‘ಪ್ಯಾಟ್ಸ್’ ಮಾತೇ ಮಾತು. ಅದು ಜೂನಿಯರ್ ಐಸ್ ಹಾಕಿ ತಂಡವಂತೆ, ವೆಸ್ಟರ್ನ್ ಹಾಕಿ ಲೀಗಿನಲ್ಲಿ ಆಡುತ್ತದಂತೆ. ಹುಡುಗರ ಆಟಕ್ಕೆ ಸಾವಿರಾರು ಜನ ದುಡ್ಡು ಕೊಟ್ಟು ಹೋಗುವುದೇಕೆ? ಕೆನಡಾದ ಲೀಗಿನೊಳಗೆ ಅಮೆರಿಕದ ತಂಡಗಳು ಹೇಗೆ ಬಂದವು? ನಮ್ಮ ಪಕ್ಕದ ಮನೆಯವರ ಮಗ ಹದಿನಾರಕ್ಕೇ ಮನೆ ಬಿಟ್ಟು ಬೇರೆ ಊರಿನ ತಂಡ ಸೇರಿದ್ದಾನೆ. ಅವನ ಅಪ್ಪ-ಅಮ್ಮನಿಗೆ ಹೆಮ್ಮೆ, ನನಗೆ ಗಾಬರಿ. ಈ ಲೀಗಿನ ಕಥೆಯನ್ನು ಮೊದಲಿನಿಂದ ಹೇಳುತ್ತೀರಾ?

ಉತ್ತರ: ನಿಮ್ಮ ಗಾಬರಿಯೂ ನ್ಯಾಯವಾದದ್ದೇ, ಅವರ ಹೆಮ್ಮೆಯೂ ನ್ಯಾಯವಾದದ್ದೇ. ಎರಡೂ ಎಲ್ಲಿಂದ ಹುಟ್ಟುತ್ತವೆ ಎಂಬುದು ಈ ಲೀಗಿನ ಇತಿಹಾಸ ತಿಳಿದರೆ ಗೊತ್ತಾಗುತ್ತದೆ.

ಮೊದಲು ‘ಜೂನಿಯರ್’ ಅಂದರೆ ಏನು ಅನ್ನುವುದನ್ನು ನೋಡೋಣ. ಇದು ಶಾಲಾ ತಂಡಗಳ ಪಂದ್ಯಾವಳಿಯಲ್ಲ. ಇಲ್ಲಿ ಆಡುವವರು 16ರಿಂದ 20 ವರ್ಷದ ಹುಡುಗರು. ಇಪ್ಪತ್ತು ತುಂಬಿದವರು ಒಂದು ತಂಡದಲ್ಲಿ ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಋತುವಿಗೆ 68 ಪಂದ್ಯ, ಆಮೇಲೆ ಪಟ್ಟ ತೀರ್ಮಾನಿಸುವ ಪ್ಲೇಆಫ್ ಸುತ್ತು. ಪೂರ್ಣಾವಧಿ ಕೋಚ್, ಟಿಕೆಟ್, ರೇಡಿಯೊ ವೀಕ್ಷಕ ವಿವರಣೆ, ಪ್ರಾಯೋಜಕರು ಎಲ್ಲವೂ ಇವೆ. ಕೆನಡಾದಲ್ಲಿ ಇಂಥ ಮೇಜರ್ ಜೂನಿಯರ್ ಲೀಗ್‌ಗಳು ಮೂರು. ಒಂಟಾರಿಯೊ ಕಡೆಗೊಂದು, ಕ್ವಿಬೆಕ್ ಮತ್ತು ಅಟ್ಲಾಂಟಿಕ್ ತೀರಕ್ಕೊಂದು, ಪಶ್ಚಿಮಕ್ಕೆ ನಿಮ್ಮ ವೆಸ್ಟರ್ನ್ ಹಾಕಿ ಲೀಗ್. ಮೂರರ ಚಾಂಪಿಯನ್‌ಗಳೂ ಆತಿಥೇಯ ತಂಡವೂ ಸೇರಿ ವರ್ಷದ ಕೊನೆಗೆ ಮೆಮೋರಿಯಲ್ ಕಪ್‌ಗೆ ಸೆಣಸುತ್ತವೆ. ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆಂದು 1919ರಲ್ಲಿ ಆ ಕಪ್ ಶುರುವಾಯಿತು.

ನಿಮ್ಮೂರಿನ ತಂಡದ ಹೆಸರಿನ ಹಿಂದೆಯೂ ಅದೇ ಯುದ್ಧವಿದೆ. 1917ರಲ್ಲಿ ತಂಡ ಕಟ್ಟಿದವರು ರಾಜಕುಮಾರಿ ಪೆಟ್ರೀಷಿಯಾಳ ಹೆಸರಿನ ಕೆನಡಾ ಪದಾತಿ ದಳದ ಗೌರವಕ್ಕೆ ಅದನ್ನು ‘ರೆಜೈನಾ ಪೆಟ್ರೀಷಿಯಾ’ ಎಂದು ಕರೆದರು. ಅದು ಜನರ ಬಾಯಲ್ಲಿ ಪ್ಯಾಟ್ಸ್ ಆಯಿತು. ಹುಟ್ಟಿದ ಊರನ್ನು ಬಿಡದೆ ಇವತ್ತಿಗೂ ಆಡುತ್ತಿರುವ ಮೇಜರ್ ಜೂನಿಯರ್ ತಂಡಗಳಲ್ಲಿ ಅದಕ್ಕಿಂತ ಹಳೆಯದು ಇನ್ನೊಂದಿಲ್ಲ. ಲೀಗಿಗಿಂತ ತಂಡ ಅರ್ಧ ಶತಮಾನ ಹಿರಿಯದು. ಈ ಅರ್ಧ ಶತಮಾನದ ಅಂತರದಲ್ಲೇ ಲೀಗ್ ಹುಟ್ಟಿದ ಕಾರಣವೂ ಇದೆ.

ಅರವತ್ತರ ದಶಕದವರೆಗೆ ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ನ್ಯಾಷನಲ್ ಹಾಕಿ ಲೀಗಿನ ದೊಡ್ಡ ಕ್ಲಬ್‌ಗಳು ಜೂನಿಯರ್ ತಂಡಗಳನ್ನು ಸಾಕಿಕೊಂಡಿದ್ದವು. ದುಡ್ಡು ಕೊಡುವ ಕ್ಲಬ್ಬಿಗೇ ಹುಡುಗರ ಮೇಲಿನ ಹಕ್ಕೂ ಹೋಗುತ್ತಿತ್ತು. ಒಳ್ಳೆಯ ಹುಡುಗ ಸಿಕ್ಕರೆ ಅವನನ್ನು ಪೂರ್ವದ ತಂಡಕ್ಕೆ ಕಳಿಸುವುದು ಅವರ ಕೈಯಲ್ಲಿತ್ತು. ಪಶ್ಚಿಮದಲ್ಲಿ ಪ್ರತಿ ಪ್ರಾಂತ್ಯಕ್ಕೂ ಬೇರೆ ಬೇರೆ ಸಣ್ಣ ಲೀಗ್. ಮೆಮೋರಿಯಲ್ ಕಪ್‌ಗೆ ಬಂದಾಗ ಒಂಟಾರಿಯೊದ ಬಲಿಷ್ಠ ತಂಡಗಳ ಎದುರು ಇವರು ಸೋಲುವುದೇ ಹೆಚ್ಚು. ಎಡ್ಮಂಟನ್ ಆಯಿಲ್ ಕಿಂಗ್ಸ್ ಮಾತ್ರ 1963ರಲ್ಲಿ ಮತ್ತು 1966ರಲ್ಲಿ ಕಪ್ ಗೆದ್ದಿತ್ತು. ಆ ತಂಡವನ್ನು ನಡೆಸುತ್ತಿದ್ದ ಬಿಲ್ ಹಂಟರ್‌ಗೆ ಇಡೀ ಪಶ್ಚಿಮಕ್ಕೆ ಒಂದೇ ಬಲವಾದ ಲೀಗ್ ಬೇಕಿತ್ತು. ಎಸ್ಟೆವನ್ ಬ್ರೂಯಿನ್ಸ್‌ನ ಸ್ಕಾಟಿ ಮನ್ರೊ ಜೊತೆಯಾದರು. ರೆಜೈನಾ, ಸ್ಯಾಸ್ಕಟೂನ್, ಮೂಸ್ ಜಾ, ವೇಬರ್ನ್ ತಂಡಗಳು ತಮ್ಮ ಸಸ್ಕ್ಯಾಚುವನ್ ಲೀಗನ್ನು ಬಿಟ್ಟು ಬಂದವು. ಕ್ಯಾಲ್ಗರಿಯ ಬಫಲೋಸ್ ಸೇರಿತು. 1966ರಲ್ಲಿ ಏಳು ತಂಡಗಳ ಲೀಗ್ ಸಿದ್ಧವಾಯಿತು. ಏಳರಲ್ಲಿ ಐದು ನಿಮ್ಮ ಸಸ್ಕ್ಯಾಚುವನ್ ಪ್ರಾಂತ್ಯದವೇ!

ಕೆನಡಾದ ಅಮೆಚೂರ್ ಹಾಕಿ ಸಂಸ್ಥೆಗೆ ಸಿಟ್ಟು ಬಂತು. ಅನುಮತಿ ಇಲ್ಲದ ಲೀಗ್ ಇದು, ಇದರಲ್ಲಿ ಆಡುವವರಿಗೆ ಮೆಮೋರಿಯಲ್ ಕಪ್ ಇಲ್ಲ ಎಂದು ಅಮಾನತು ಮಾಡಿತು. ಪಶ್ಚಿಮದವರು ಬಗ್ಗಲಿಲ್ಲ. ದೇಶದ ಕಪ್ ಇಲ್ಲದಿದ್ದರೂ ಋತುವನ್ನು ಪೂರ್ತಿ ಆಡಿದರು. ಮೊದಲ ಚಾಂಪಿಯನ್ ಮೂಸ್ ಜಾ ಕೆನಕ್ಸ್. ಮರುವರ್ಷ ಬೆನ್ ಹ್ಯಾಟ್ಸ್ಕಿನ್ ಅವರ ವಿನಿಪೆಗ್ ಜೆಟ್ಸ್, ಬ್ರ್ಯಾಂಡನ್ ವೀಟ್ ಕಿಂಗ್ಸ್, ಫ್ಲಿನ್ ಫ್ಲಾನ್ ಬಾಂಬರ್ಸ್, ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ಕೂಡಿಕೊಂಡವು. ಮುನಿಸು, ರಾಜಿ, ಮತ್ತೆ ಮುನಿಸು, ಹೀಗೆ ಕೆಲವು ವರ್ಷ ನಡೆದು 1970ರ ಹೊತ್ತಿಗೆ ದೇಶದ ಜೂನಿಯರ್ ಹಾಕಿಯನ್ನೇ ಎರಡು ದರ್ಜೆಯಾಗಿ ವಿಂಗಡಿಸಬೇಕಾಯಿತು. ಮೇಲಿನ ದರ್ಜೆಯಲ್ಲಿ ಈ ಬಂಡಾಯದ ಲೀಗಿಗೆ ಜಾಗ ಸಿಕ್ಕಿತು. ಹಂಟರ್ ಮತ್ತು ಹ್ಯಾಟ್ಸ್ಕಿನ್ ಅಲ್ಲಿಗೇ ನಿಲ್ಲಲಿಲ್ಲ. 1972ರಲ್ಲಿ ನ್ಯಾಷನಲ್ ಹಾಕಿ ಲೀಗಿಗೇ ಎದುರಾಗಿ ಶುರುವಾದ ವರ್ಲ್ಡ್ ಹಾಕಿ ಅಸೋಸಿಯೇಷನ್‌ಗೆ ಒಬ್ಬರು ಆಯಿಲರ್ಸ್ ತಂಡವನ್ನೂ ಇನ್ನೊಬ್ಬರು ಜೆಟ್ಸ್ ಹೆಸರಿನ ತಂಡವನ್ನೂ ಕಟ್ಟಿದರು. ನೀವು ಇವತ್ತು ಟಿವಿಯಲ್ಲಿ ನೋಡುವ ಎಡ್ಮಂಟನ್ ಆಯಿಲರ್ಸ್ ಹುಟ್ಟಿದ್ದು ಹಾಗೆ.

ಹಳೆಯ ತಂಡಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಫ್ಲಿನ್ ಫ್ಲಾನ್. ಮ್ಯಾನಿಟೋಬ-ಸಸ್ಕ್ಯಾಚುವನ್ ಗಡಿಯ ಮೇಲೆ, ಬಂಡೆಗಳ ನಡುವೆ ಕುಳಿತ ತಾಮ್ರದ ಗಣಿಯೂರು ಅದು. ಇವತ್ತಿನ ಜನಸಂಖ್ಯೆ ಐದು ಸಾವಿರದಷ್ಟು. ಊರಿನ ಅಪ್ಪಂದಿರು ಗಣಿಗೆ ಇಳಿಯುತ್ತಿದ್ದರು. ಹುಡುಗರು ಗಣಿ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಹಾಕಿ ಆಡುತ್ತಿದ್ದರು. ಆ ತಂಡ 1969 ಮತ್ತು 1970ರಲ್ಲಿ ಸತತವಾಗಿ ಲೀಗ್ ಗೆದ್ದಿತು. ಅಲ್ಲಿ ಹುಟ್ಟಿ ಬೆಳೆದ ಬಾಬಿ ಕ್ಲಾರ್ಕ್‌ಗೆ ಬಾಲ್ಯದಿಂದಲೇ ಮಧುಮೇಹ. ಆಟ ನೋಡಿ ಮೆಚ್ಚಿದವರೂ ಕಾಯಿಲೆಯ ಮಾತು ಕೇಳಿ ಹಿಂಜರಿಯುತ್ತಿದ್ದರು. ಕೋಚ್ ಪ್ಯಾಟ್ ಗಿನೆಲ್ ಹುಡುಗನನ್ನು ಅಮೆರಿಕದ ಮೇಯೊ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ, ದೇಹವನ್ನು ನೋಡಿಕೊಂಡರೆ ವೃತ್ತಿಪರ ಹಾಕಿ ಆಡಲು ಅಡ್ಡಿಯಿಲ್ಲ ಎಂದು ವೈದ್ಯರಿಂದ ಬರೆಸಿಕೊಂಡು ಬಂದರು. ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1969ರ ಡ್ರಾಫ್ಟ್‌ನಲ್ಲಿ ಫಿಲಡೆಲ್ಫಿಯಾ ಫ್ಲಯರ್ಸ್ 17ನೆಯವನಾಗಿ ಅವನನ್ನು ಆರಿಸಿತು. ಐದು ವರ್ಷಕ್ಕೆ ಅದೇ ಕ್ಲಾರ್ಕ್ ನಾಯಕನಾಗಿ ನ್ಯಾಷನಲ್ ಹಾಕಿ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದ. ಅವನ ಬಲಗಡೆಯಲ್ಲಿ ಆಡುತ್ತಿದ್ದ ರೆಜ್ಜಿ ಲೀಚ್ ಮ್ಯಾನಿಟೋಬದ ಓಜಿಬ್ವೆ ಮೂಲನಿವಾಸಿ ಹುಡುಗ. 1967-68ರ ಒಂದೇ ಋತುವಿನಲ್ಲಿ ಬಾಂಬರ್ಸ್‌ಗೆ 87 ಗೋಲು ಹೊಡೆದಿದ್ದ. ಇಬ್ಬರೂ ಮುಂದೆ ಫಿಲಡೆಲ್ಫಿಯಾದಲ್ಲಿ ಮತ್ತೆ ಜೊತೆಯಾದರು.

ಆ ಬಾಂಬರ್ಸ್ ಈಗ ಈ ಲೀಗಿನಲ್ಲಿಲ್ಲ. ಇಷ್ಟು ದೂರದ, ಇಷ್ಟು ಸಣ್ಣ ಊರಿಗೆ ಖರ್ಚು ತೂಗಿಸಲಾಗಲಿಲ್ಲ. 1978ರಲ್ಲಿ ಅವರ ಜಾಗ ಎಡ್ಮಂಟನ್‌ಗೆ ಹೋಯಿತು, ಅಲ್ಲಿಂದ ಮಾಂಟಾನಾದ ಗ್ರೇಟ್ ಫಾಲ್ಸ್‌ಗೆ, ಆಮೇಲೆ ಸ್ಪೋಕೇನ್‌ಗೆ. ಅಲ್ಲಿಗೆ ಮುಗಿಯಿತು. ಫ್ಲಿನ್ ಫ್ಲಾನ್‌ನವರು ಬಾಂಬರ್ಸ್ ಹೆಸರನ್ನು ಬಿಟ್ಟುಕೊಡದೆ ಕೆಳಗಿನ ದರ್ಜೆಯ ಸಸ್ಕ್ಯಾಚುವನ್ ಲೀಗಿನಲ್ಲಿ ಈಗಲೂ ಆಡುತ್ತಿದ್ದಾರೆ.

ಈ ಸ್ಥಳಾಂತರಗಳನ್ನು ಗಮನಿಸದೆ ಲೀಗಿನ ತಂಡಗಳು ಅರ್ಥವಾಗುವುದಿಲ್ಲ. ಇಲ್ಲಿ ತಂಡ ಮುಚ್ಚುವುದಕ್ಕಿಂತ ಊರು ಬದಲಿಸುವುದು ಹೆಚ್ಚು. ಎಸ್ಟೆವನ್ ಬ್ರೂಯಿನ್ಸ್ 1971ರಲ್ಲಿ ವ್ಯಾಂಕೂವರ್ ಪಕ್ಕದ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಯಿತು. ಅಲ್ಲಿ ಎರ್ನಿ ಮೆಕ್‌ಲೀನ್ ಅವರ ಕೈಯಲ್ಲಿ 1975ರಿಂದ 1978ರವರೆಗೆ ನಾಲ್ಕು ವರ್ಷ ಲೀಗನ್ನು ಬಿಟ್ಟುಕೊಡಲಿಲ್ಲ, ಕೊನೆಯ ಎರಡು ವರ್ಷ ಮೆಮೋರಿಯಲ್ ಕಪ್ಪನ್ನೂ ಗೆದ್ದಿತು. ಎದುರಾಳಿಗಳಿಗೆ ನಡುಕ ಹುಟ್ಟಿಸುವಷ್ಟು ಒರಟು ಆಟ ಅವರದು, ಅದನ್ನು ನಾನು ಮೆಚ್ಚಲಾರೆ. 1981ರಲ್ಲಿ ಅದೇ ತಂಡ ಕ್ಯಾಮ್‌ಲೂಪ್ಸ್‌ಗೆ ಬಂದು, ಮೂರು ವರ್ಷದ ಬಳಿಕ ಬ್ಲೇಜರ್ಸ್ ಎಂಬ ಹೆಸರು ಪಡೆಯಿತು. 1992, 1994, 1995, ನಾಲ್ಕು ವರ್ಷದಲ್ಲಿ ಮೂರು ಮೆಮೋರಿಯಲ್ ಕಪ್. ಸ್ಕಾಟ್ ನೀಡರ್ಮೇಯರ್, ಜರೋಮ್ ಇಗಿನ್ಲಾ ಅಲ್ಲಿ ಬೆಳೆದವರು. ಎಸ್ಟೆವನ್ ಎಂಬ ಕಲ್ಲಿದ್ದಲಿನ ಊರಿನ ಬೇರು ಕ್ಯಾಮ್‌ಲೂಪ್ಸ್‌ನ ಈ ವೈಭವದ ಕೆಳಗಿದೆ ಎಂಬುದು ಎಷ್ಟು ಜನಕ್ಕೆ ನೆನಪಿದೆಯೋ.

ಇನ್ನೊಂದು ಸರಪಳಿ ಇದಕ್ಕಿಂತ ಉದ್ದ. 1966ರ ಕ್ಯಾಲ್ಗರಿ ಬಫಲೋಸ್ ಹೆಸರು ಬದಲಿಸುತ್ತಾ ಸೆಂಟೆನಿಯಲ್ಸ್ ಆಗಿ, 1977ರಲ್ಲಿ ಮಾಂಟಾನಾದ ಬಿಲ್ಲಿಂಗ್ಸ್‌ಗೆ, 1982ರಲ್ಲಿ ಕೆನಡಾದ ನನೈಮೊಗೆ, ಮರುವರ್ಷ ಖಾಲಿಯಾಗಿದ್ದ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ, 1988ರಲ್ಲಿ ವಾಷಿಂಗ್ಟನ್ ರಾಜ್ಯದ ಕೆನವಿಕ್‌ಗೆ ಹೋಗಿ ಇವತ್ತಿನ ಟ್ರೈ-ಸಿಟಿ ಅಮೆರಿಕನ್ಸ್ ಆಗಿದೆ. ಗಡಿಯನ್ನು ಮೂರು ಸಲ ದಾಟಿದ ತಂಡ!

ಅಮೆರಿಕದ ತಂಡಗಳ ಬಗ್ಗೆ ನೀವು ಕೇಳಿದ್ದಕ್ಕೆ ಇಲ್ಲೇ ಉತ್ತರ ಸಿಗುತ್ತದೆ. ಎಪ್ಪತ್ತರ ದಶಕದಲ್ಲಿ ಎಡ್ಮಂಟನ್, ಕ್ಯಾಲ್ಗರಿ, ವಿನಿಪೆಗ್, ವ್ಯಾಂಕೂವರ್‌ಗೆ ವೃತ್ತಿಪರ ಹಾಕಿ ಬಂತು. ದೊಡ್ಡವರ ಆಟ ಊರಲ್ಲೇ ಇರುವಾಗ ಜೂನಿಯರ್ ತಂಡದ ರಿಂಕ್‌ಗೆ, ಅಂದರೆ ಮಂಜಿನ ಅಂಗಳಕ್ಕೆ, ಬರುವವರು ಕಡಿಮೆಯಾದರು. ಹಂಟರ್ ಬೆಳೆಸಿದ ಆಯಿಲ್ ಕಿಂಗ್ಸ್ ತಂಡಕ್ಕೆ ಅವರೇ ತಂದ ಆಯಿಲರ್ಸ್ ಎದುರು ನಿಲ್ಲಲಾಗಲಿಲ್ಲ. 1976ರಲ್ಲಿ ಅದು ಒರೆಗಾನಿನ ಪೋರ್ಟ್‌ಲ್ಯಾಂಡ್‌ಗೆ ಹೋಗಿ ವಿಂಟರ್ ಹಾಕ್ಸ್ ಆಯಿತು. ಮರುವರ್ಷ ಅಂದಿನ ಕ್ಯಾಮ್‌ಲೂಪ್ಸ್ ಚೀಫ್ಸ್ ಸಿಯಾಟಲ್‌ಗೆ ಹೋಯಿತು, ಈಗಿನ ಥಂಡರ್‌ಬರ್ಡ್ಸ್ ಅದೇ. ಲೀಗಿನ ಹೆಸರಿನಲ್ಲಿದ್ದ ‘ಕೆನಡಾ’ವನ್ನು 1978ರಲ್ಲಿ ಕೈಬಿಟ್ಟರು. ಐದೇ ವರ್ಷಕ್ಕೆ, 1983ರಲ್ಲಿ, ಪೋರ್ಟ್‌ಲ್ಯಾಂಡ್ ಮೆಮೋರಿಯಲ್ ಕಪ್ ಗೆದ್ದು ಅದನ್ನು ಗೆದ್ದ ಮೊದಲ ಅಮೆರಿಕನ್ ತಂಡವಾಯಿತು. ಸ್ಪೋಕೇನ್ ಚೀಫ್ಸ್ 1991ರಲ್ಲಿ ಮತ್ತು 2008ರಲ್ಲಿ ಗೆದ್ದಿತು.

2025-26ರ ಋತುವಿಗೆ ಪೆಂಟಿಕ್ಟನ್ ವೀಸ್ ಸೇರಿ ತಂಡಗಳ ಸಂಖ್ಯೆ 23 ಆಯಿತು. ಪ್ರೇರಿ ಎಂಬ ನಿಮ್ಮ ಬಯಲುಸೀಮೆಯಲ್ಲಿ ರೆಜೈನಾ, ಸ್ಯಾಸ್ಕಟೂನ್, ಮೂಸ್ ಜಾ, ಪ್ರಿನ್ಸ್ ಆಲ್ಬರ್ಟ್, ಸ್ವಿಫ್ಟ್ ಕರೆಂಟ್ ಮತ್ತು ಮ್ಯಾನಿಟೋಬದ ಬ್ರ್ಯಾಂಡನ್. ಆಲ್ಬರ್ಟಾದಲ್ಲಿ ಕ್ಯಾಲ್ಗರಿ, 2007ರಲ್ಲಿ ಮರುಹುಟ್ಟು ಪಡೆದ ಎಡ್ಮಂಟನ್, ರೆಡ್ ಡಿಯರ್, ಲೆತ್‌ಬ್ರಿಜ್, ಮೆಡಿಸಿನ್ ಹ್ಯಾಟ್. ಬ್ರಿಟಿಷ್ ಕೊಲಂಬಿಯಾದಲ್ಲಿ ಕ್ಯಾಮ್‌ಲೂಪ್ಸ್, ಕೆಲೋನಾ, ಪ್ರಿನ್ಸ್ ಜಾರ್ಜ್, ವ್ಯಾಂಕೂವರ್, ವಿಕ್ಟೋರಿಯಾ, ಪೆಂಟಿಕ್ಟನ್. ಗಡಿಯಾಚೆ ಪೋರ್ಟ್‌ಲ್ಯಾಂಡ್, ಸಿಯಾಟಲ್, ಎವರೆಟ್, ಸ್ಪೋಕೇನ್, ಟ್ರೈ-ಸಿಟಿ, ವೆನಾಚಿ. ಸ್ಯಾಸ್ಕಟೂನ್ ಬ್ಲೇಡ್ಸ್ ಅಭಿಮಾನಿ ಸಿಕ್ಕರೆ ಮೃದುವಾಗಿ ಮಾತಾಡಿಸಿ. ಮೊದಲ ವರ್ಷದಿಂದಲೂ ಲೀಗಿನಲ್ಲಿದ್ದು 2025ರವರೆಗೆ ಒಂದು ಸಲವೂ ಚಾಂಪಿಯನ್ ಆಗದ ತಂಡ ಅವರದು.

ಇವುಗಳಲ್ಲಿ ಮೂಸ್ ಜಾ, ಸ್ವಿಫ್ಟ್ ಕರೆಂಟ್, ಪ್ರಿನ್ಸ್ ಆಲ್ಬರ್ಟ್, ಲೆತ್‌ಬ್ರಿಜ್ ತಂಡಗಳಿಗೆ ಖಾಸಗಿ ಮಾಲೀಕರಿಲ್ಲ. ಊರೇ ಮಾಲೀಕ. ಜನ ಆರಿಸಿದ ಮಂಡಳಿ ತಂಡವನ್ನು ನಡೆಸುತ್ತದೆ. 1984ರಿಂದ ಕಾಯುತ್ತಿದ್ದ ಮೂಸ್ ಜಾ ವಾರಿಯರ್ಸ್ 2024ರಲ್ಲಿ ಫೈನಲ್‌ನಲ್ಲಿ ಪೋರ್ಟ್‌ಲ್ಯಾಂಡ್ ವಿರುದ್ಧ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು. ಎದುರಿನ ಮಹಾನಗರಕ್ಕೆ ಹೋಲಿಸಿದರೆ ಮೂಸ್ ಜಾ ಒಂದು ಬಡಾವಣೆಯಷ್ಟು. ಸಾವಿರಾರು ಜನ ದುಡ್ಡು ಕೊಟ್ಟು ಹೋಗುವುದೇಕೆ ಎಂದು ಕೇಳಿದಿರಲ್ಲ, ಇಂಥ ಊರುಗಳಲ್ಲಿ ಚಳಿಗಾಲ ಆರು ತಿಂಗಳು. ಆ ಆರು ತಿಂಗಳು ಊರೆಲ್ಲ ಒಂದೇ ಸೂರಿನಡಿ ಸೇರುವ ಜಾಗ ರಿಂಕ್. ತಂಡ ಹೋದರೆ ಆ ಸೇರುವಿಕೆಯೂ ಹೋಗುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು.

ಸ್ವಿಫ್ಟ್ ಕರೆಂಟ್‌ಗಿಂತ ಚೆನ್ನಾಗಿ ಅದನ್ನು ಬಲ್ಲವರಿಲ್ಲ. ಬ್ರಯಾನ್ ಟ್ರೊಟಿಯೇನಂಥ ಆಟಗಾರ ಆಡುತ್ತಿದ್ದ ಬ್ರಾಂಕೋಸ್ ತಂಡ 1974ರಲ್ಲಿ ಲೆತ್‌ಬ್ರಿಜ್‌ಗೆ ಹೋಯಿತು. ಹನ್ನೆರಡು ವರ್ಷದ ನಂತರ, 1986ರಲ್ಲಿ, ಊರಿನವರೇ ಅದನ್ನು ಮರಳಿ ತಂದರು. ಅದೇ ವರ್ಷ ಡಿಸೆಂಬರ್ 30ರಂದು ತಂಡ ನಿಮ್ಮ ರೆಜೈನಾಗೆ ಆಡಲು ಹೊರಟಿತ್ತು. ಊರು ದಾಟುತ್ತಿದ್ದಂತೆ ಹೆದ್ದಾರಿಯ ಮೇಲಿನ ಕಣ್ಣಿಗೆ ಕಾಣದ ಮಂಜುಗಡ್ಡೆಯಲ್ಲಿ ಬಸ್ ಜಾರಿ ಉರುಳಿತು. ಹಿಂದಿನ ಸೀಟುಗಳಲ್ಲಿದ್ದ ಟ್ರೆಂಟ್ ಕ್ರೆಸ್ಸಿ, ಸ್ಕಾಟ್ ಕ್ರೂಗರ್, ಕ್ರಿಸ್ ಮಂಟೈಕಾ, ಬ್ರೆಂಟ್ ರಫ್ ಎಂಬ ನಾಲ್ವರು ಹುಡುಗರು ಸತ್ತರು. ಮುಂದೆ ಹಾಕಿಯ ದೊಡ್ಡ ಹೆಸರಾದ ಜೋ ಸ್ಯಾಕಿಕ್ ಕೂಡ ಆ ಬಸ್ಸಿನಲ್ಲಿದ್ದ. ಎರಡೂವರೆ ವರ್ಷದ ಬಳಿಕ, 1989ರ ಮೇ ತಿಂಗಳಲ್ಲಿ, ಬ್ರಾಂಕೋಸ್ ಸ್ಯಾಸ್ಕಟೂನ್‌ನಲ್ಲೇ ಸ್ಯಾಸ್ಕಟೂನ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 4-3ರಿಂದ ಸೋಲಿಸಿ ಮೆಮೋರಿಯಲ್ ಕಪ್ ಗೆದ್ದಿತು. ಕೊನೆಯ ಗೋಲು ಟಿಮ್ ಟಿಸ್‌ಡೇಲ್‌ನದು.

ಬಹಳ ವರ್ಷ ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ, ಸೋಲನ್ನು ಗೆದ್ದವರ ಕಥೆಯಾಗಿ ಹೇಳುತ್ತಿದ್ದರು. ನಾನು ಹಾಗೆ ನಿಲ್ಲಿಸುವುದಿಲ್ಲ. ಆ ತಂಡದ ಕೋಚ್ ಗ್ರಹಾಂ ಜೇಮ್ಸ್ ತನ್ನ ಕೈಕೆಳಗಿನ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಬಸ್ ದುರಂತದಲ್ಲಿ ಬದುಕುಳಿದ ಶೆಲ್ಡನ್ ಕೆನಡಿ 1996ರಲ್ಲಿ ಪೊಲೀಸರ ಮುಂದೆ ಬಾಯಿಬಿಟ್ಟ. ಮರುವರ್ಷ ಜೇಮ್ಸ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಇನ್ನೂ ಹಲವು ಆಟಗಾರರು ನಂತರ ಮುಂದೆ ಬಂದರು, ಅವರಲ್ಲಿ ಮೂಸ್ ಜಾದಲ್ಲಿ ಆಡಿದ ಥಿಯೊ ಫ್ಲೂರಿ ಒಬ್ಬ. ಮನೆಯಿಂದ ದೂರ, ಆಡುವ ಅವಕಾಶವೆಲ್ಲ ಒಬ್ಬನೇ ಮನುಷ್ಯನ ಕೈಯಲ್ಲಿ, ಊರೆಲ್ಲ ಅವನನ್ನು ಹೊಗಳುವವರೇ. ಹುಡುಗ ಯಾರಿಗೆ ಹೇಳಬೇಕಿತ್ತು? ಕೆನಡಿ ಮುಂದೆ ಮಕ್ಕಳ ರಕ್ಷಣೆಯ ಕೆಲಸಕ್ಕೇ ತನ್ನ ಬದುಕನ್ನು ಕೊಟ್ಟ. ಕೆನಡಾದ ಕ್ರೀಡಾ ತರಬೇತುದಾರರಿಗೆ ಈ ವಿಷಯದಲ್ಲಿ ಶಿಕ್ಷಣ ಕೊಡುವ ವ್ಯವಸ್ಥೆ ಬೆಳೆಯಲು ಅವನ ಧೈರ್ಯ ದೊಡ್ಡ ಕಾರಣ. ಲೀಗಿನ ಇತಿಹಾಸದಲ್ಲಿ ಯಾವ ಕಪ್ಪಿಗಿಂತಲೂ ಇದು ದೊಡ್ಡದು ಎಂದು ನಾನು ನಂಬಿದ್ದೇನೆ.

ನಿಮ್ಮ ಪಕ್ಕದ ಮನೆಯ ಹುಡುಗನ ವಿಷಯಕ್ಕೆ ಬರುತ್ತೇನೆ. ಲೀಗಿನ ತಂಡಗಳು ಆ ವರ್ಷ ಹದಿನೈದು ತುಂಬುವ ಹುಡುಗರನ್ನು ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತವೆ. ಆರಿಸಿದ ತಂಡ ಸಾವಿರ ಕಿಲೋಮೀಟರ್ ಆಚೆ ಇರಬಹುದು. ಅಲ್ಲಿ ಹುಡುಗ ‘ಬಿಲೆಟ್’ ಕುಟುಂಬದ ಮನೆಯಲ್ಲಿ ಇರುತ್ತಾನೆ. ಊರಿನ ಒಂದು ಮನೆಯವರು ಅವನಿಗೆ ಕೋಣೆ ಕೊಟ್ಟು, ಊಟ ಹಾಕಿ, ಮನೆಮಗನಂತೆ ನೋಡಿಕೊಳ್ಳುತ್ತಾರೆ, ಖರ್ಚಿಗೆ ತಂಡ ಒಂದಷ್ಟು ಕೊಡುತ್ತದೆ. ಅದೇ ಊರಿನ ಶಾಲೆಗೆ ಹೋಗುತ್ತಾನೆ. ಸಂಬಳ ಎನ್ನುವಂಥದ್ದು ಇಲ್ಲ, ಸಣ್ಣ ಭತ್ಯೆ ಅಷ್ಟೆ. ಟಿಕೆಟ್ ಮಾರಿ ಗಳಿಸುವ ತಂಡ ಆಟಗಾರನಿಗೆ ಕನಿಷ್ಠ ವೇತನವನ್ನಾದರೂ ಕೊಡಬೇಕು ಎಂದು 2014ರಲ್ಲಿ ಮೊಕದ್ದಮೆಯೇ ಹೂಡಲಾಯಿತು. ಆ ವಾದದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಇದಕ್ಕೆ ಪ್ರತಿಯಾಗಿ ಲೀಗ್ ಕೊಡುವುದು ವಿದ್ಯಾರ್ಥಿವೇತನ. ಆಡಿದ ಒಂದೊಂದು ಋತುವಿಗೂ ಒಂದೊಂದು ವರ್ಷದ ಕಾಲೇಜು ಶುಲ್ಕ.

ಇತ್ತೀಚೆಗೆ ಇನ್ನೊಂದು ಬಾಗಿಲೂ ತೆರೆದಿದೆ. ಮೊದಲು ಈ ಲೀಗಿನಲ್ಲಿ ಆಡಿದವನಿಗೆ ಅಮೆರಿಕದ ಕಾಲೇಜು ಹಾಕಿ ಮುಚ್ಚಿದ ದಾರಿಯಾಗಿತ್ತು. 2024ರ ನವೆಂಬರ್‌ನಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಆ ನಿಯಮವನ್ನು ತೆಗೆಯಿತು, 2025ರ ಆಗಸ್ಟ್‌ನಿಂದ ಜಾರಿಗೆ ಬಂತು. ಮೆಡಿಸಿನ್ ಹ್ಯಾಟ್ ಟೈಗರ್ಸ್‌ಗೆ 2025ರ ಲೀಗ್ ಪಟ್ಟ ಗೆಲ್ಲಿಸಿಕೊಟ್ಟ ಗೇವಿನ್ ಮೆಕೆನಾ ಕೂಡಲೇ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಪಶ್ಚಿಮದ ಊರುಗಳಿಂದ ಒಳ್ಳೆಯ ಹುಡುಗರನ್ನು ಪೂರ್ವದವರು ಕರೆದೊಯ್ಯುತ್ತಾರೆ ಎಂಬ ಹಳೆಯ ಅಳಲು ಈಗ ದಕ್ಷಿಣದ ಕಡೆಗೆ ತಿರುಗಬಹುದು. ಆಟಗಾರನ ದೃಷ್ಟಿಯಿಂದ ನೋಡಿದರೆ ಎರಡು ದಾರಿ ಇರುವುದೇ ಒಳ್ಳೆಯದು.

ಆ ಹುಡುಗನ ಅಪ್ಪ-ಅಮ್ಮ ನಿಮ್ಮ ಸ್ನೇಹಿತರಾದರೆ ಬಿಲೆಟ್ ಮನೆಯವರನ್ನು ಅವರು ಖುದ್ದಾಗಿ ಕಂಡಿದ್ದಾರೆಯೇ, ಶಾಲೆಯ ಹಾಜರಿಯನ್ನು ತಂಡದ ಪರವಾಗಿ ಯಾರು ನೋಡುತ್ತಾರೆ, ವಿದ್ಯಾರ್ಥಿವೇತನದ ಷರತ್ತು ಬರವಣಿಗೆಯಲ್ಲಿದೆಯೇ, ಕೋಚ್ ವಿಷಯದಲ್ಲಿ ತೊಂದರೆಯಾದರೆ ತಂಡದ ಹೊರಗೆ ಯಾರಿಗೆ ಫೋನ್ ಮಾಡಬೇಕೆಂಬುದು ಹುಡುಗನಿಗೆ ಗೊತ್ತಿದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಕಡೆಯವರೂ ಈ ಲೀಗಿನಲ್ಲಿ ಇದ್ದಾರೆಯೇ ಎಂದು ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಕನ್ನಡಿಗರ ಹೆಸರು ಹೇಳಲಾರೆ, ಆದರೆ ಬ್ರಿಟಿಷ್ ಕೊಲಂಬಿಯಾದ ಪಂಜಾಬಿ ಮನೆಗಳ ಹುಡುಗರು ದಾರಿ ಮಾಡಿದ್ದಾರೆ. ಕ್ಯಾಮ್‌ಲೂಪ್ಸ್ ಬ್ಲೇಜರ್ಸ್‌ನ ರಾಬಿನ್ ಬಾವಾ 1989ರಲ್ಲಿ ನ್ಯಾಷನಲ್ ಹಾಕಿ ಲೀಗಿಗೆ ಕಾಲಿಟ್ಟ ಮೊದಲ ಭಾರತೀಯ ಮೂಲದ ಆಟಗಾರ. ಎವರೆಟ್‌ನಲ್ಲಿ ಜುಝಾರ್ ಖೈರಾ ಆಡಿದ. ಸರ್ರಿಯ ಅರ್ಷ್‌ದೀಪ್ ಬೈನ್ಸ್ ರೆಡ್ ಡಿಯರ್ ಪರವಾಗಿ 2021-22ರಲ್ಲಿ 112 ಅಂಕ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿ ಇಡೀ ಲೀಗಿಗೇ ಮೊದಲಿಗನಾದ. ಅವನನ್ನು ಯಾವ ವೃತ್ತಿಪರ ತಂಡವೂ ಡ್ರಾಫ್ಟ್‌ನಲ್ಲಿ ಆರಿಸಿರಲಿಲ್ಲ. ಆ ಋತುವಿನಲ್ಲೇ ವ್ಯಾಂಕೂವರ್ ಕೆನಕ್ಸ್ ಕರೆದು ಒಪ್ಪಂದ ಮಾಡಿಕೊಂಡಿತು.

ಪ್ಯಾಟ್ಸ್ ಕೊನೆಯ ಸಲ ಮೆಮೋರಿಯಲ್ ಕಪ್ ಗೆದ್ದದ್ದು 1974ರಲ್ಲಿ, ಲೀಗ್ ಗೆದ್ದದ್ದು 1980ರಲ್ಲಿ. 2022-23ರಲ್ಲಿ ಕಾನರ್ ಬೆಡಾರ್ಡ್ ಎಂಬ ಹದಿನೇಳರ ಹುಡುಗ 57 ಪಂದ್ಯಗಳಲ್ಲಿ 71 ಗೋಲು, ಒಟ್ಟು 143 ಅಂಕ ಗಳಿಸಿದಾಗ ಎದುರಾಳಿಗಳ ಊರಲ್ಲೂ ರಿಂಕ್ ತುಂಬುತ್ತಿತ್ತು. ಅವನು ಈಗ ಶಿಕಾಗೊದಲ್ಲಿದ್ದಾನೆ. ಅವನಿಲ್ಲದ ತಂಡವನ್ನೂ ನೋಡಬೇಕು ಅಂದರೆ ಡಿಸೆಂಬರ್‌ನಲ್ಲಿ ಬ್ರ್ಯಾಂಟ್ ಸೆಂಟರ್‌ಗೆ ಹೋಗಿ, ಟೆಡ್ಡಿ ಬೇರ್ ಎಸೆಯುವ ಪಂದ್ಯ ಯಾವತ್ತು ಎಂದು ಮೊದಲೇ ವಿಚಾರಿಸಿಕೊಳ್ಳಿ. 1993ರಲ್ಲಿ ಕ್ಯಾಮ್‌ಲೂಪ್ಸ್‌ನಲ್ಲಿ ಶುರುವಾದ ಪದ್ಧತಿ ಅದು. ಮನೆಯ ತಂಡ ಮೊದಲ ಗೋಲು ಹೊಡೆದ ಕ್ಷಣ ಪ್ರೇಕ್ಷಕರೆಲ್ಲ ಗೊಂಬೆಗಳನ್ನು ರಿಂಕ್‌ಗೆ ಎಸೆಯುತ್ತಾರೆ, ಅವೆಲ್ಲ ಆಸ್ಪತ್ರೆಗಳಿಗೆ, ಬಡ ಮಕ್ಕಳಿಗೆ ಹೋಗುತ್ತವೆ. ಕ್ಯಾಲ್ಗರಿಯಲ್ಲಿ 2018ರಲ್ಲಿ ಒಂದೇ ಸಂಜೆ 29,635 ಗೊಂಬೆ ಬಿದ್ದಿದ್ದವು. ಆಮೇಲೆ ಒಂದು ಶುಕ್ರವಾರ ಎಪ್ಪತ್ತು ಕಿಲೋಮೀಟರ್ ಕಾರು ಓಡಿಸಿ ಮೂಸ್ ಜಾಗೆ ಹೋಗಿ ಪ್ಯಾಟ್ಸ್-ವಾರಿಯರ್ಸ್ ಪಂದ್ಯ ನೋಡಿ. ಹೊರಡುವ ಮುಂಚೆ ರಸ್ತೆಯ ಸ್ಥಿತಿ ನೋಡಿಕೊಂಡು ಹೊರಡಿ, ಮಗನಿಗೆ ಎರಡು ಜೊತೆ ಕೈಗವಸು ಇರಲಿ, ರಿಂಕ್ ಒಳಗೂ ಚಳಿ ಇರುತ್ತದೆ.